ಕಲಿಯುವ ಸಭೆ: ತುಳುನಾಡಿನ ಬಾಸೆಲ್ ಮಿಶನ್ ಕ್ರೈಸ್ತರು

ಬಾಸೆಲ್ ಮಿಶನ್ನನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಸ್ಮರಿಸುವುದು 1843ರ 'ಮಂಗಳೂರ ಸಮಾಚಾರ'ಕ್ಕಾಗಿ, ಮೋಗ್ಲಿಂಗರ ಕಾವ್ಯ ಪ್ರಕಟಣೆಗಳಿಗಾಗಿ, ಕಿಟೆಲ್ಲರ 1894ರ ನಿಘಂಟಿಗಾಗಿ. ಈ ಕೆಲಸಗಳ ಜೊತೆಗೇ ಬೆಳೆದ ವಿಶ್ವಾಸಿಗಳ ಸಮುದಾಯ ಮಾತ್ರ ಮತಾಂತರದ ಚರ್ಚೆಯೊಳಗೆ ಸೇರಿಹೋಗಿದೆ. ಅದು ಏನನ್ನು ಓದಿತು, ಹಾಡಿತು, ಹೇಗೆ ಕಲಿಯಿತು ಎಂಬ ಪ್ರಶ್ನೆಗಳು ಬದಿಗೆ ಸರಿದಿವೆ. ಆ ಸಮುದಾಯವನ್ನು ಕಲಿಕೆಯ ನೆಲೆಯಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

'ಸಭೆ' ಎಂಬ ಮಾತಿನಿಂದಲೇ ತೊಡಗಬಹುದು. ಕನ್ನಡ ಬೈಬಲ್ಲಿನಲ್ಲಿ ಗ್ರೀಕಿನ 'ಎಕ್ಲೀಸಿಯ'ಕ್ಕೆ ಸಂವಾದಿಯಾಗಿ ನಿಂತ ಪದವಿದು. ಪಾದ್ರಿ ಇಲ್ಲಿ 'ಸಭಾಪಾಲಕ'. ಕಟ್ಟಡವನ್ನಾಗಲಿ ಪುರೋಹಿತವರ್ಗವನ್ನಾಗಲಿ ಸೂಚಿಸದೆ, ಕೂಡಿ ಕುಳಿತು ಕೇಳುವ ಜನರನ್ನು ಅದು ಸೂಚಿಸುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ನಿನ ಹಿನ್ನೆಲೆಗೂ ಈ ಅರ್ಥ ಒಪ್ಪುತ್ತದೆ. ಅದರ ಹಲವು ಮಿಶನರಿಗಳು ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ಪಯಟಿಸಂ ಎಂಬ ಭಕ್ತಿ ಚಳವಳಿಯ ಪರಿಸರದವರು. ಮನೆಗಳಲ್ಲಿ ಚಿಕ್ಕ ಗುಂಪಾಗಿ ಸೇರಿ ಬೈಬಲ್ ಓದಿ ಪರಸ್ಪರ ಚರ್ಚಿಸುವುದು ಆ ಚಳವಳಿಯ ಜೀವಾಳ. ಲೂಥರರ 1529ರ ಕಿರು ಪ್ರಶ್ನೋತ್ತರ ಗ್ರಂಥವೂ ಮನೆಯ ಯಜಮಾನ ಮನೆಯವರಿಗೆ ಕಲಿಸಲೆಂದೇ ಸಿದ್ಧವಾದದ್ದು.

ತುಳುನಾಡಿನಲ್ಲಿ ಈ ಪದ್ಧತಿ ಭಾಷೆಯ ತೊಡಕೊಂದನ್ನು ಎದುರಿಸಿತು. ಸಭೆಗೆ ಸೇರಿದವರಲ್ಲಿ ಬಿಲ್ಲವರು ಗಣನೀಯ ಸಂಖ್ಯೆಯಲ್ಲಿದ್ದರು. ಅವರ ಮನೆಮಾತು ತುಳು. ಮಿಶನ್ನು 1847ರಲ್ಲಿ ತುಳು ಹೊಸ ಒಡಂಬಡಿಕೆಯನ್ನು ಕನ್ನಡ ಲಿಪಿಯಲ್ಲಿ ಮುದ್ರಿಸಿತು. ಅದನ್ನು ಓದಲು ಕಲಿತವರಿಗೆ ಕನ್ನಡ ಪುಸ್ತಕದ ಅಕ್ಷರವೂ ಕೈವಶವಾಯಿತು. ನಂಬಿಕೆಯನ್ನು ಕಲಿಯುವುದಕ್ಕೂ ಅಕ್ಷರ ಕಲಿಯುವುದಕ್ಕೂ ನಡುವೆ ಗೆರೆ ಎಳೆಯುವುದು ಇಲ್ಲಿ ಕಷ್ಟ.

ಓದು ಬಾರದವರಿಗೆ ಹಾಡೇ ಪಠ್ಯ. ಜರ್ಮನ್ ಕೀರ್ತನೆಗಳ ಧಾಟಿಗಳಿಗೆ ಕನ್ನಡ, ತುಳು ಮಾತುಗಳನ್ನು ಹೊಂದಿಸಲಾಯಿತು. ಒತ್ತಿನ ಮೇಲೆ ನಿಂತ ಧಾಟಿಗೆ ಲಘು-ಗುರುಗಳ ಭಾಷೆ ಸುಲಭವಾಗಿ ಬಗ್ಗುವುದಿಲ್ಲ. ಛಂದಸ್ಸಿನ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಕಿಟೆಲ್ಲರು 1862ರ 'ಕಥಾಮಾಲೆ'ಯಲ್ಲಿ ಇಲ್ಲಿಯದೇ ಛಂದೋರೂಪಗಳಲ್ಲಿ ಕ್ರಿಸ್ತಚರಿತೆಯನ್ನು ಹೇಳಲು ಹೊರಟದ್ದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗುತ್ತದೆ. ಆದರೂ ಸಭೆಯ ಬಾಯಲ್ಲಿ ಗಟ್ಟಿಯಾಗಿ ನಿಂತದ್ದು ನಾಲ್ಕು ಸ್ವರಗಳಲ್ಲಿ ಕೂಡಿ ಹಾಡುವ ಪಾಶ್ಚಾತ್ಯ ಪದ್ಧತಿಯೇ. ಒಬ್ಬೊಬ್ಬರಿಗೂ ಬೇರೆ ಪಾಲು ಇರುವ ಈ ಹಾಡಿಕೆಗೆ ನೆರೆಯವರ ದನಿಗೆ ಕಿವಿಗೊಡುವ ಅಭ್ಯಾಸ ಬೇಕು.

ಆಚರಣೆಯ ಮಾತು ಇಷ್ಟು ಹಿತಕರವಲ್ಲ. ಭೂತಾರಾಧನೆಯನ್ನು ಬಿಟ್ಟವರು ಬಂಧುಬಳಗವನ್ನೂ ಕಳೆದುಕೊಳ್ಳಬೇಕಾಯಿತು; ಹಲವರಿಗೆ ಮೂರ್ತೆಯಂಥ ಕುಲವೃತ್ತಿಯೂ ತಪ್ಪಿತು. ನೇಯ್ಗೆ, ಮುದ್ರಣ, 1865ರಲ್ಲಿ ತೊಡಗಿದ ಹೆಂಚಿನ ತಯಾರಿಕೆ ಇಂಥವರಿಗೆ ಆಸರೆಯಾದವು. ಆದರೆ ಅನ್ನ ಕೊಡುವವರೂ ಬೋಧಿಸುವವರೂ ಒಬ್ಬರೇ ಆದಲ್ಲಿ, ಪ್ರಶ್ನೋತ್ತರದಲ್ಲಿ ಪ್ರಶ್ನೆ ಕೇಳುವ ಅಧಿಕಾರ ಯಾರದು? ಪಯಟಿಸಂ ಬಯಸಿದ ಪರಸ್ಪರ ಕಲಿಕೆ ಇಲ್ಲಿ ಬಹುಮಟ್ಟಿಗೆ ಶಿಸ್ತಾಗಿ ಮಾರ್ಪಟ್ಟಿತೆಂದೇ ನನ್ನ ಅಭಿಪ್ರಾಯ. ಬಹುಮಟ್ಟಿಗೆ ಎಂದೆ, ಪೂರ್ತಿಯಾಗಿ ಅಲ್ಲ. 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರು ಬಾಸೆಲ್ಲಿನಲ್ಲಿ ಓದಿ ಬಂದು ಮಂಗಳೂರಿನ ಸೆಮಿನರಿಯಲ್ಲಿ ತಾವೇ ಬೋಧಕರಾದರು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಜರ್ಮನ್ ಮಿಶನರಿಗಳು ಬಂಧನಕ್ಕೂ ಗಡೀಪಾರಿಗೂ ಒಳಗಾದಾಗ, ಸಭೆಗಳ ಓದನ್ನೂ ಹಾಡನ್ನೂ ಮುಂದುವರಿಸಿದವರು ಸ್ಥಳೀಯ ಸಭಾಪಾಲಕರು ಮತ್ತು ಉಪದೇಶಿಗಳು.