ಅರಿಸಿನದ ಬಣ್ಣವೂ ಗುಣವೂ

ಅಮರಕೋಶವು ಅರಿಸಿನಕ್ಕೆ ಹೇಳಿರುವ ಪರ್ಯಾಯನಾಮಗಳಲ್ಲಿ ಕಾಂಚನೀ, ಪೀತಾ, ವರವರ್ಣಿನೀ ಎಂಬ ಮೂರೂ ಅದರ ವರ್ಣವನ್ನು ಹಿಡಿದು ಹುಟ್ಟಿದವು. ಆ ವರ್ಣಕ್ಕೆ ಮುಖ್ಯಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯವನ್ನು ರಸಾಯನಜ್ಞರು 1815ರಲ್ಲಿ ಬೇರ್ಪಡಿಸಿದರು. ಅರಿಸಿನದಲ್ಲಿ ಅದು ನೂರಕ್ಕೆ ಸುಮಾರು 2ರಿಂದ 5 ಭಾಗದಷ್ಟಿರುವುದು. ಸಾರು ಪಲ್ಯಗಳಿಗೆ ಚಿಟಿಕೆಯಷ್ಟು ಹಾಕುವ ಶುದ್ಧವಾದ ಅರಿಸಿನವು ಸಾಮಾನ್ಯವಾಗಿ ನಿರಪಾಯವಾದುದು.

ಈ ಮಾತು ಅದರ ಸಾರದಿಂದ ಮಾಡಿದ ಗುಳಿಗೆಗಳಿಗೆ ಸಲ್ಲದು. ಅವುಗಳಿಂದ ಕೆಲವರ ಯಕೃತ್ತು ಕೆಟ್ಟುದುಂಟು. ರಕ್ತವನ್ನು ಹೆಪ್ಪುಗಟ್ಟಗೊಡದ ಔಷಧವನ್ನು ಸೇವಿಸುವವರೂ ಪಿತ್ತಕೋಶದಲ್ಲಿ ಕಲ್ಲುಳ್ಳವರೂ ವೈದ್ಯರನ್ನು ಕೇಳದೆ ಅವನ್ನು ಸೇವಿಸಲಾಗದು.

ಇನ್ನೊಂದು ಅಪಾಯವು ವರ್ಣದ ಮೋಹದಿಂದಲೇ ಒದಗುವುದು. ಹಳದಿಯು ಎದ್ದು ಕಾಣಲೆಂದು ಕೆಲವೆಡೆ ಪುಡಿಗೂ ಕೊಂಬಿಗೂ ಸೀಸದ ಕ್ರೋಮೇಟನ್ನು ಸೇರಿಸುವರು. ಸೀಸವು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುವ ವಿಷ. ಬಾಂಗ್ಲಾದೇಶದಲ್ಲಿ 2019ರಿಂದ ಸರ್ಕಾರವು ಬಿಗಿಯಾದ ಕ್ರಮವನ್ನು ಕೈಗೊಳ್ಳಲು, 2021ರಲ್ಲಿ ಪರೀಕ್ಷಿಸಿದ ಅಂಗಡಿಯ ಮಾದರಿಗಳಲ್ಲಿ ಈ ಬೆರಕೆಯು ಕಾಣದಾಯಿತು. ಆದುದರಿಂದ ಇದು ತಡೆಯಬಹುದಾದ ಕೇಡು.

ಸುಣ್ಣ ತಾಗಿದೊಡನೆ ಕೆಂಪಾಗುವುದು ಅರಿಸಿನದ ಸಹಜಗುಣ. ಬೆರಕೆಯಿದ್ದರೂ ಅದು ಕೆಂಪಾಗುವುದು. ಸೀಸವನ್ನು ಕಂಡುಹಿಡಿಯಲು ರಸಾಯನಶಾಲೆಯೇ ಬೇಕು. ವರವರ್ಣಿನೀ ಎಂಬುದು ವಸ್ತುವಿಗೆ ನಾಮವೇ ಹೊರತು ಅದರ ಶುದ್ಧಿಗೆ ಪ್ರಮಾಣವಲ್ಲ.