ಅರ್ಥಶಾಸ್ತ್ರ ಓದುವ ಖರ್ಚು: ಒಂಬತ್ತನೆಯ ತರಗತಿಯಲ್ಲಿ ಮಾಡಿದ ಒಂದು ಲೆಕ್ಕ

ಪ್ರೌಢಶಾಲೆಯ ಸಮಾಜ ವಿಜ್ಞಾನ ಪಠ್ಯದಲ್ಲಿ ಅರ್ಥಶಾಸ್ತ್ರದ ಪಾಠಗಳು ಇತಿಹಾಸ, ಭೂಗೋಳಗಳ ನಂತರ ಬರುತ್ತವೆ. ಸಮಯ ಸಾಲದೆ ಅವುಗಳನ್ನು ಓದಿಸಿ ಮುಗಿಸುವುದೇ ಹೆಚ್ಚು. ನಿಡೋಣಿಯಲ್ಲಿ ಬೋಧನಾಭ್ಯಾಸಕ್ಕೆ ನನ್ನ ಪಾಲಿಗೆ ಬಂದದ್ದು ಈ ಪಾಠಗಳೇ. ನಾನು ಎಂ.ಎ. ಅರ್ಥಶಾಸ್ತ್ರ ಮುಗಿಸಿ ಬಿ.ಇಡಿ.ಗೆ ಬಂದವಳು ಎಂದು ತಿಳಿದ ಕೂಡಲೇ, “ಅದನ್ನ ಓದಿ ಏನ್ ಆಗ್ತಾರ್ರಿ ಮೇಡಂ?” ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದ ಬಂತು. ಅದಕ್ಕೆ ಬಾಯಿಮಾತಿನ ಉತ್ತರ ಕೊಡುವ ಬದಲು, ಅದನ್ನೇ ಒಂದು ಪಾಠ ಮಾಡಿದೆ. ಅದರ ಕ್ರಮ ಇತರ ಪ್ರಶಿಕ್ಷಣಾರ್ಥಿಗಳಿಗೂ ಉಪಯೋಗವಾದೀತು.

ಅವಕಾಶ ವೆಚ್ಚ ದ್ವಿತೀಯ ಪಿಯುಸಿಯಲ್ಲಿ ಬರುವ ಪರಿಕಲ್ಪನೆ. ಆದರೆ ಹೆಸರು ಹೇಳದೆ ಒಂಬತ್ತನೆಯ ತರಗತಿಯಲ್ಲೇ ಅದನ್ನು ಕಲಿಸಬಹುದು. ಕಪ್ಪು ಹಲಗೆಯ ಮೇಲೆ ಎರಡು ಕಾಲಂ ಹಾಕಿದೆ: ‘ಕೊಟ್ಟದ್ದು’ ಮತ್ತು ‘ಬಿಟ್ಟದ್ದು’. ಮೊದಲನೆಯದರಲ್ಲಿ ಶುಲ್ಕ, ಪುಸ್ತಕ, ಬಸ್ಸು, ಊಟ, ರೂಮಿನ ಬಾಡಿಗೆ. ಇದನ್ನು ಮಕ್ಕಳೇ ಹೇಳಿ ತುಂಬಿಸಿದರು. ಬಸ್ಸಿನ ಖರ್ಚಿನಲ್ಲಿ ಜಗಳ ಹತ್ತಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ಸು ಉಚಿತ, ಹುಡುಗರು ಪಾಸಿಗೆ ದುಡ್ಡು ಕೊಡಬೇಕು. ಒಂದೇ ಮನೆಯ ಅಣ್ಣ, ತಂಗಿಗೆ ಒಂದೇ ಓದಿನ ಬೆಲೆ ಬೇರೆ ಬೇರೆ ಎಂಬುದು ಅವರಿಗೆ ನನಗಿಂತ ಬೇಗ ಹೊಳೆಯಿತು.

ದೂರವೂ ಖರ್ಚೇ. ಹಿಂದೆ ನಮ್ಮ ಜಿಲ್ಲೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು; ಎಂ.ಎ. ಎಂದರೆ ಹೆಚ್ಚಿನವರಿಗೆ ಧಾರವಾಡವೇ. 2003ರಲ್ಲಿ ವಿಜಯಪುರದಲ್ಲೇ ಮಹಿಳಾ ವಿಶ್ವವಿದ್ಯಾಲಯ ಆರಂಭವಾಯಿತು (ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ). 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಬಬಲೇಶ್ವರ, ತಿಕೋಟಾ ಕಡೆಯ ಹುಡುಗಿ ಮನೆಯಿಂದಲೇ ಹೋಗಿ ಬಂದು ಎಂ.ಎ. ಮಾಡಬಹುದು ಎನ್ನುವುದು ಶುಲ್ಕ ಕಡಿತಕ್ಕಿಂತ ದೊಡ್ಡ ಬದಲಾವಣೆ ಎಂದು ನನ್ನ ಅಭಿಪ್ರಾಯ.

ಇನ್ನು ‘ಬಿಟ್ಟದ್ದು’. ಪಾಠದ ತಿರುಳು ಇಲ್ಲಿದೆ. ದ್ರಾಕ್ಷಿ ಚಾಟ್ನಿ, ಒಣದ್ರಾಕ್ಷಿ ಶೆಡ್ಡಿನ ಕೆಲಸ ಈ ಭಾಗದ ಮಕ್ಕಳಿಗೆ ಗೊತ್ತಿರುವುದೇ. ದಿನಕ್ಕೆ 300 ರೂಪಾಯಿ, ವರ್ಷಕ್ಕೆ 120 ದಿನ ಎಂದು ಲೆಕ್ಕಕ್ಕಾಗಿ ಹಿಡಿದೆವು. ವರ್ಷಕ್ಕೆ 36,000. ಪದವಿಗೆ ಮೂರು, ಎಂ.ಎ.ಗೆ ಎರಡು, ಒಟ್ಟು ಐದು ವರ್ಷಕ್ಕೆ 1,80,000 ರೂಪಾಯಿ. ತರಗತಿ ಸುಮ್ಮನಾಯಿತು. ಸರ್ಕಾರಿ ಕಾಲೇಜಿನ ಶುಲ್ಕ ಇದರ ಮುಂದೆ ಏನೂ ಅಲ್ಲ. ಮನೆಯವರು “ಓದಿಸಾಕ ಆಗೂದಿಲ್ಲ” ಎಂದಾಗ ಹೇಳುತ್ತಿರುವುದು ಬಹಳ ಸಲ ಈ ಎರಡನೆಯ ಕಾಲಂ ಬಗ್ಗೆ.

ನೆರವನ್ನೂ ಕೂಡಿಸಿ ನೋಡಿದೆವು. 2021ರ ರೈತ ವಿದ್ಯಾನಿಧಿಯಲ್ಲಿ ರೈತರ ಮಗಳಿಗೆ ಪದವಿಗೆ ವರ್ಷಕ್ಕೆ 5,500, ಸ್ನಾತಕೋತ್ತರಕ್ಕೆ 11,000 ಎಂದು ನಿಗದಿಯಾಯಿತು. ಐದು ವರ್ಷಕ್ಕೆ 38,500. ಶುಲ್ಕ, ಪುಸ್ತಕಕ್ಕೆ ಇದು ಒಳ್ಳೆಯ ಆಸರೆ. ಬಿಟ್ಟ ಕೂಲಿಯ ಲೆಕ್ಕದಲ್ಲಿ ಕಾಲು ಭಾಗವೂ ಅಲ್ಲ.

ಆಗ ಒಬ್ಬಳು ಎದ್ದು ನಿಂತು ಕೇಳಿದಳು: “ನಾ ಕೂಲಿಗೆ ಹೋಗೂದಿಲ್ರಿ, ಮನಿ ಕೆಲಸ ಮಾಡ್ತೀನಿ, ತಮ್ಮನ್ನ ನೋಡ್ಕೋತೀನಿ. ಹಂಗಾದ್ರ ನಾ ಬಿಟ್ಟಿದ್ದು ಸೊನ್ನೆ ಅಂತ ಬರೀಬೇಕೇನ್ರಿ?” ಸೊನ್ನೆ ಅಲ್ಲ ಎಂದೆ. ಅವಳು ಕಾಲೇಜಿಗೆ ಹೋದ ದಿನ ಆ ಕೆಲಸ ಅವಳ ಅವ್ವನ ಮೇಲೆ ಬೀಳುತ್ತದೆ, ಅವ್ವನ ಒಂದು ದಿನದ ಕೂಲಿ ತಪ್ಪುತ್ತದೆ. ಸಂಬಳವಿಲ್ಲದ ಮನೆಗೆಲಸ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಬರುವುದಿಲ್ಲ ಎಂಬ ಅಂಶವನ್ನು ಇಲ್ಲೇ ಜೋಡಿಸಿದೆ. ಪಾಠಯೋಜನೆಯಲ್ಲಿ ಇದು ಇರಲಿಲ್ಲ. ಇಂಥ ಪ್ರಶ್ನೆ ಬಂದರೆ ಯೋಜನೆಯನ್ನು ಬದಿಗಿಡಿ. ವೀಕ್ಷಕರೂ ಅಂಕ ಕಡಿಯಬಾರದು.

ಮರುದಿನದ ಪಾಠ ‘ಮುಂದೇನು’ ಎಂಬುದು. ಇಲ್ಲಿ ಆಸೆ ತೋರಿಸುವುದೂ ಬೇಡ, ಹೆದರಿಸುವುದೂ ಬೇಡ. ಬಿ.ಎ., ಬಿ.ಇಡಿ. ಜೊತೆಗೆ ಟಿಇಟಿ ಆದರೆ 6ರಿಂದ 8ನೇ ತರಗತಿಯ ಶಿಕ್ಷಕ ಹುದ್ದೆಗೆ ಅರ್ಜಿ ಹಾಕಬಹುದು. ಪಿಯು ಉಪನ್ಯಾಸಕರಾಗಲು ಎಂ.ಎ. ಮತ್ತು ಬಿ.ಇಡಿ. ಎರಡೂ ಬೇಕು, ಪಿಯುಸಿ ನಂತರ ಏಳು ವರ್ಷ. ಪದವಿ ಕಾಲೇಜಿಗೆ ನೆಟ್ ಅಥವಾ ಕೆ-ಸೆಟ್. ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ ಯುಜಿಸಿ ಶ್ರೇಣಿಯಲ್ಲಿ 57,700. ನೆಟ್‌ನಲ್ಲಿ ಜೆಆರ್‌ಎಫ್ ದೊರೆತರೆ ಸಂಶೋಧನೆಗೆ ತಿಂಗಳಿಗೆ 37,000. ಕೇಂದ್ರದ ಭಾರತೀಯ ಆರ್ಥಿಕ ಸೇವೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯೇ ಅರ್ಹತೆ. ಪಟ್ಟಿ ಉದ್ದವಿದೆ, ಬಾಗಿಲು ಕಿರಿದು. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡದಲ್ಲಿ ಓದಿ ಬಂದವರು ವಿಷಯ ತಿಳಿದೂ ಅಲ್ಲಿ ಎಡವುತ್ತಾರೆ. ಎರಡನೆಯ ತೊಡಕು ಗಣಿತ. ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡು ಗಣಿತ ಬಿಟ್ಟವರಿಗೆ ಎಂ.ಎ.ಯ ಸಂಖ್ಯಾಶಾಸ್ತ್ರ, ಅರ್ಥಮಿತಿ ಗೋಡೆಯಂತೆ ಎದುರಾಗುತ್ತವೆ. ಹತ್ತನೆಯ ತರಗತಿಯಲ್ಲೇ ಇದನ್ನು ಹೇಳುವ ಶಿಕ್ಷಕರು ಬೇಕು.

ಕೇಂದ್ರ ಸರ್ಕಾರದ 2022-23ರ ಶ್ರಮಶಕ್ತಿ ಸಮೀಕ್ಷೆಯಲ್ಲಿ ಒಟ್ಟು ನಿರುದ್ಯೋಗ 3.2%, ಪದವೀಧರರಲ್ಲಿ 13.4%. ಹಾಗಾದರೆ ಓದಿದ್ದೇ ತಪ್ಪೇ ಎಂದು ಮಕ್ಕಳು ಕೇಳುತ್ತಾರೆ. ಬಡವನಿಗೆ ಕೆಲಸವಿಲ್ಲದೆ ಕೂರುವ ಅನುಕೂಲವಿಲ್ಲ, ಸಿಕ್ಕ ಕೂಲಿಗೆ ಹೋಗುತ್ತಾನೆ. ಪದವೀಧರ ತನ್ನ ಓದಿಗೆ ತಕ್ಕದ್ದಕ್ಕಾಗಿ ಕಾಯುತ್ತಾನೆ. ಕಾಯುವ ಕಾಲವೂ ‘ಬಿಟ್ಟದ್ದು’ ಕಾಲಂಗೆ ಸೇರಬೇಕು. ಯುವನಿಧಿಯ ತಿಂಗಳ 3,000 ರೂಪಾಯಿ ಈ ಕಾಲಕ್ಕೇ ಇರುವುದು. ಆದರೆ ಮುಂದಿನ ಓದಿಗೆ ಸೇರಿದವರಿಗೆ ಅದಿಲ್ಲ. ಅಂದರೆ ಎಂ.ಎ.ಗೆ ಹೋಗುವವಳು ಅದನ್ನೂ ಬಿಟ್ಟಂತೆ.

ಸಂಬಳವನ್ನಷ್ಟೇ ಅಳೆದರೆ ವಿಷಯ ಅರ್ಧ ಉಳಿಯುತ್ತದೆ. ಧಾರವಾಡದಲ್ಲಿ ಅರ್ಥಶಾಸ್ತ್ರ ಕಲಿಸಿದ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಸೂಚ್ಯಂಕ ಹಾಕಿ ತೋರಿಸಿತು. ಉತ್ತರ ಕರ್ನಾಟಕದ ಅನುದಾನದ ಚರ್ಚೆ ಇಂದಿಗೂ ಆ ವರದಿಯನ್ನು ಹಿಡಿದೇ ನಡೆಯುತ್ತದೆ. ಇದನ್ನು ಹೇಳಿದಾಗ ಮಕ್ಕಳು ಕೇಳಿದ್ದು ಒಂದೇ: “ನಮ್ಮ ಊರಿಂದು ಹಂಗ ಲೆಕ್ಕ ಹಾಕಬೋದೇನ್ರಿ?”

ಮನೆಗೆಲಸಕ್ಕೆ ಅದನ್ನೇ ಕೊಟ್ಟೆ. ತಮ್ಮ ಓಣಿಯ ಹತ್ತು ಮನೆಗಳಲ್ಲಿ ಪಿಯುಸಿ ದಾಟಿದವರು ಎಷ್ಟು, ಏನು ಓದಿದರು, ಈಗ ಏನು ಮಾಡುತ್ತಿದ್ದಾರೆ. ಹೆಸರು ಬರೆಯಬಾರದು, ಸಂಖ್ಯೆ ಮಾತ್ರ. ಇದಕ್ಕೆ ನಲವತ್ತು ನಿಮಿಷದ ಒಂದು ಅವಧಿ ಸಾಲದು. ಎರಡು ಅವಧಿ ಕೇಳಿ ತೆಗೆದುಕೊಳ್ಳಿ, ನಡುವೆ ಒಂದು ಭಾನುವಾರ ಬರುವಂತೆ ನೋಡಿಕೊಳ್ಳಿ.