ಹಾಯಿದೋಣಿಯನ್ನೇರಿದ ಸೂರ್ಯಫಲಕ

ಮೆಲ್ಬರ್ನ್ ಮಹಾನಗರದ ಆಗ್ನೇಯ ಅಂಚಿನಲ್ಲಿ, ಭಾರತದಿಂದ ಬಂದು ನೆಲಸಿದ ಅನೇಕ ಕುಟುಂಬಗಳಿಗೆ ಈಗ ಮನೆಯಾಗಿರುವ ಕ್ರಾನ್‌ಬರ್ನ್ ಎಂಬ ಉಪನಗರದಿಂದ ದಕ್ಷಿಣಕ್ಕೆ ಹೊರಟರೆ, ಹೊಸ ಬಡಾವಣೆಗಳೂ ಅವುಗಳಾಚೆಯ ತರಕಾರಿ ತೋಟಗಳೂ ಹಿಂದಾದ ಮೇಲೆ, ವೆಸ್ಟರ್ನ್ ಪೋರ್ಟ್ ಎಂಬ ವಿಶಾಲವಾದ ಕೊಲ್ಲಿ ಎದುರಾಗುತ್ತದೆ. ಅದರ ಉತ್ತರದ ದಡದಲ್ಲಿ ಕಾಂಡ್ಲಾ ಗಿಡಗಳ ಮರೆಯಲ್ಲಿರುವ ವಾರ್ನೀಟ್‌ನಂಥ ಸಣ್ಣ ಊರುಗಳ ಧಕ್ಕೆಗಳಲ್ಲಿ ನಿಂತು, ಉಬ್ಬರ ಇಳಿತಗಳೊಡನೆ ಏರಿಳಿಯುವ ಹಾಯಿದೋಣಿಗಳನ್ನು ನೋಡುವವರಿಗೆ, ದೂರಪ್ರಯಾಣಕ್ಕೆಂದು ಸಜ್ಜಾದ ದೋಣಿಗಳ ಹಿಂಬದಿಯಲ್ಲಿ ಉಕ್ಕಿನ ಕೊಳವೆಗಳ ಕಮಾನೊಂದೂ ಅದರ ಮೇಲೆ ಕಪ್ಪುನೀಲಿಯ ಸೌರಫಲಕಗಳೂ ಕಾಣಸಿಗುತ್ತವೆ. ಹಗ್ಗ, ಕೂವೆಮರ, ಲಂಗರುಗಳಂತೆ ಇದೂ ದೋಣಿಯ ಸಹಜವಾದ ಅಂಗವೆಂಬಷ್ಟು ಬಳಕೆಯಾಗಿಬಿಟ್ಟಿರುವ ಈ ಫಲಕವು ಆ ಸ್ಥಾನವನ್ನು ಸೇರಿದ ಬಗೆ ಮಾತ್ರ ದೀರ್ಘವಾದುದು.

ಹಾಯಿದೋಣಿಯ ಚಲನೆಗೆ ಗಾಳಿಯೊಂದೇ ಸಾಕು. ನಮ್ಮ ಕರಾವಳಿಯ ಮಂಜಿಗಳು ಶತಮಾನಗಳ ಕಾಲ ಅಷ್ಟರಿಂದಲೇ ಅರಬ್ಬೀ ಸಮುದ್ರವನ್ನು ದಾಟಿದವು. ಆದರೆ ರೇಡಿಯೊ, ರಾತ್ರಿಯ ದೀಪ, ದಿಕ್ಕು ತೋರುವ ಯಂತ್ರ, ತಾನಾಗಿಯೇ ಚುಕ್ಕಾಣಿ ಹಿಡಿಯುವ ಸಾಧನ, ಆಹಾರವನ್ನು ಕೆಡದಂತಿಡುವ ಫ್ರಿಜ್ಜು ಇವೆಲ್ಲ ಒಂದೊಂದಾಗಿ ದೋಣಿಯೊಳಗೆ ಬಂದಂತೆ, ನಾವಿಕನು ಬ್ಯಾಟರಿಗೆ ಅಧೀನನಾದನು. ಆ ಬ್ಯಾಟರಿಯನ್ನು ತುಂಬುವುದಕ್ಕೋಸ್ಕರವೇ ಡೀಸೆಲ್ ಎಂಜಿನ್ನನ್ನು ದಿನವೂ ಓಡಿಸಬೇಕಾಗಿ ಬಂದುದರಿಂದ, ಗಾಳಿಯನ್ನೇ ನಂಬಿ ಹೊರಟವನು ಎಣ್ಣೆ ದೊರೆಯುವ ಬಂದರುಗಳ ಕಡೆಗೇ ದೃಷ್ಟಿ ನೆಟ್ಟು ಸಾಗುವಂತಾಯಿತು.

ಬೆಳಕಿನಿಂದ ವಿದ್ಯುತ್ ಹುಟ್ಟಬಲ್ಲುದೆಂಬುದನ್ನು ಫ್ರೆಂಚ್ ವಿಜ್ಞಾನಿ ಎಡ್ಮಂಡ್ ಬೆಕೆರೆಲ್ 1839ರಲ್ಲಿಯೇ ಕಂಡುಕೊಂಡಿದ್ದನು. ಆದರೂ ಉಪಯೋಗಕ್ಕೆ ಬರುವಂಥ ಸಿಲಿಕಾನ್ ಕೋಶವು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾಗಲು 1954ರವರೆಗೆ ಕಾಯಬೇಕಾಯಿತು. ತನ್ನ ಮೇಲೆ ಬಿದ್ದ ಬಿಸಿಲಿನ ನೂರರಲ್ಲಿ ಆರು ಭಾಗವನ್ನಷ್ಟೇ ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. 1958ರಲ್ಲಿ ವ್ಯಾನ್‌ಗಾರ್ಡ್ ಉಪಗ್ರಹದೊಡನೆ ಅಂತರಿಕ್ಷಕ್ಕೆ ಏರಿದ ಈ ಕೋಶವನ್ನು, ಅದರ ಅಪಾರ ಬೆಲೆಯ ಕಾರಣದಿಂದ, ಭೂಮಿಯ ಮೇಲೆ ಕೊಳ್ಳುವವರೇ ವಿರಳವಾಗಿದ್ದರು. 1970ರ ದಶಕದ ಆದಿಯಲ್ಲಿ ಎಲಿಯಟ್ ಬರ್ಮನ್ ಎಂಬ ರಸಾಯನ ವಿಜ್ಞಾನಿ ಅಗ್ಗದ ಸಿಲಿಕಾನ್ ಬಳಸಿ ಬೆಲೆಯನ್ನು ಬಹುಮಟ್ಟಿಗೆ ಇಳಿಸಿದ ಮೇಲೆ, ಅದಕ್ಕೆ ದೊರೆತ ಮೊದಲ ದೊಡ್ಡ ಉದ್ಯೋಗಗಳಲ್ಲಿ ಒಂದು ಸಮುದ್ರದಲ್ಲಿಯೇ ಇತ್ತು: ತೈಲಬಾವಿಯ ಅಟ್ಟಣೆಗಳ ಮೇಲೂ, ಹಡಗುಗಳಿಗೆ ದಾರಿ ತೋರುವ ತೇಲುಬುರುಡೆಗಳ ಮೇಲೂ ದೀಪವನ್ನು ಉರಿಸುವ ಕೆಲಸ. ಉಪ್ಪುನೀರಿನ ಸಿಡಿತವನ್ನೂ ಬಿರುಗಾಳಿಯನ್ನೂ ತಾಳಿಕೊಳ್ಳುವ ಪರೀಕ್ಷೆಯಲ್ಲಿ ಫಲಕವು ಅಲ್ಲಿ ಉತ್ತೀರ್ಣವಾದ ಬಳಿಕ, ಹಾಯಿದೋಣಿಯವರಿಗೂ ಅದರಲ್ಲಿ ಭರವಸೆ ಹುಟ್ಟಿತು.

ಆದರೆ ದೋಣಿಯಲ್ಲಿ ಸ್ಥಳವೆಂಬುದು ಅತ್ಯಂತ ದುರ್ಲಭವಾದ ವಸ್ತು. ನಡುಹಗಲಿನ ನಿರಭ್ರ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಶಕ್ತಿಯನ್ನು ಸುರಿಸುವುದೆಂದು ಇಟ್ಟುಕೊಂಡರೆ, ಬೆಲ್ ಕೋಶದ ಕಾಲದ ಫಲಕ ಅದರಿಂದ 60 ವಾಟ್ ಕೊಟ್ಟೀತು. ಶೇಕಡ 20ರ ದಕ್ಷತೆಯುಳ್ಳದ್ದು 200 ವಾಟ್ ಕೊಡುವುದು. ಸಿಲಿಕಾನ್ ಕೋಶಕ್ಕೆ ಆ ಶೇಕಡ 20ರ ಎಲ್ಲೆಯನ್ನು 1985ರಲ್ಲಿ ಮೊದಲು ದಾಟಿಸಿದವರು ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಟಿನ್ ಗ್ರೀನ್ ಮತ್ತು ಅವರ ಸಂಗಡಿಗರು. ಅವರು ರೂಪಿಸಿದ ‘ಪರ್ಕ್’ ಎಂಬ ಕೋಶರಚನೆಯೇ ಅನಂತರ ಲೋಕದ ಕಾರ್ಖಾನೆಗಳನ್ನೆಲ್ಲ ವ್ಯಾಪಿಸಿತು. ಮನೆಯ ಮಾಳಿಗೆಗೆ ಉಳಿತಾಯವಾಗಿ ಪರಿಣಮಿಸಿದ ಈ ಸಾಧನೆಯಿಂದ, ಎರಡು ಫಲಕಗಳಿಗಷ್ಟೇ ಎಡೆಯಿರುವ ದೋಣಿಗೆ ಸ್ವಾವಲಂಬನೆಯೇ ದೊರೆಯಿತು.

ಇನ್ನುಳಿದದ್ದು ಫಲಕವನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆ. ಮೊದಲು ಅದನ್ನು ಡೆಕ್ಕಿನ ಮೇಲೆ ಮಲಗಿಸಿದರು; ಕಾಲ್ತುಳಿತ ಒಂದು ಕಡೆ, ಹಾಯಿಯ ನೆರಳು ಇನ್ನೊಂದು ಕಡೆ. ಫಲಕದೊಳಗಿನ ಕೋಶಗಳು ಸಾಮಾನ್ಯವಾಗಿ ಒಂದರ ಬಾಲಕ್ಕೆ ಇನ್ನೊಂದರಂತೆ ಸರಣಿಯಲ್ಲಿ ಜೋಡಣೆಯಾಗಿರುವುದರಿಂದ, ಕಾಲುವೆಗೆ ಒಂದೆಡೆ ಮಣ್ಣು ಕುಸಿದರೆ ಕೆಳಗಿನ ಗದ್ದೆಗಳಿಗೆಲ್ಲ ನೀರು ತಪ್ಪುವಂತೆ, ಒಂದೇ ಕೋಶದ ಮೇಲೆ ಬಿದ್ದ ನೆರಳು ಇಡೀ ಸರಣಿಯ ಪ್ರವಾಹವನ್ನು ಕುಗ್ಗಿಸಿಬಿಡುತ್ತದೆ. ಅಡ್ಡದಾರಿ ಕೊಡುವ ಡಯೋಡುಗಳು ಈ ನಷ್ಟವನ್ನು ತಗ್ಗಿಸುತ್ತವೆಯೇ ಹೊರತು ಇಲ್ಲವಾಗಿಸವು. ಆದುದರಿಂದ ಫಲಕವು ಡೆಕ್ಕಿನಿಂದ ಪಕ್ಕದ ಕಂಬಿಗಳಿಗೂ, ಅಲ್ಲಿಂದ ಹಾಯಿಯ ನೆರಳು ಆದಷ್ಟು ಕಡಮೆ ಬೀಳುವ ಹಿಂಬದಿಯ ಕಮಾನಿಗೂ ಸರಿಯಿತು.

ದಕ್ಷಿಣ ಗೋಲಾರ್ಧದಲ್ಲಿ ಸೂರ್ಯನು ಉತ್ತರದ ಆಕಾಶದಲ್ಲಿ ಸಂಚರಿಸುವುದರಿಂದ ಕ್ರಾನ್‌ಬರ್ನ್‌ನ ಮನೆಗಳಲ್ಲಿ ಉತ್ತರಕ್ಕೆ ವಾಲಿದ ಮಾಡಿಗೆ ಫಲಕವನ್ನು ಬಿಗಿಯುವುದು ಲೇಸು. ಲಂಗರು ಹಾಕಿದ ದೋಣಿಯಾದರೋ ಗಾಳಿ ಬೀಸಿ ಬರುವ ಕಡೆಗೆ ಮುಖ ತಿರುಗಿಸುವುದರಿಂದ ಅದಕ್ಕೆ ನಿಶ್ಚಿತವಾದ ಉತ್ತರವಿಲ್ಲ, ಸಮತಲದ ಜೋಡಣೆಯೇ ಕ್ಷೇಮ. ಬಿಸಿಯೇರಿದಂತೆ ಸಿಲಿಕಾನಿನ ದಕ್ಷತೆ ಇಳಿಯುವುದರಿಂದ ಕೆಳಗೆ ಗಾಳಿಯಾಡಲು ತೆರಪು ಬಿಡುತ್ತಾರೆ. ಅಲ್ಯೂಮಿನಿಯಂ ಚೌಕಟ್ಟು ಸ್ಟೇನ್‌ಲೆಸ್ ಉಕ್ಕಿಗೆ ನೇರವಾಗಿ ತಾಗಿ, ನಡುವೆ ಉಪ್ಪುನೀರು ನಿಂತರೆ, ಅಲ್ಯೂಮಿನಿಯಂ ಬೇಗನೆ ಸವೆದು ಬಿಳಿಯ ಹಿಟ್ಟಾಗುತ್ತದೆ. ಅದಕ್ಕಾಗಿ ಪ್ರತಿಯೊಂದು ಬೋಲ್ಟಿನಡಿಯಲ್ಲಿಯೂ ನೈಲಾನ್ ವಾಷರ್ ಇಡಬೇಕು. ಕಲಾಯಿ ಮಾಡಿದ ತಾಮ್ರದ ತಂತಿಯನ್ನೇ ಆರಿಸಿ, ಅದು ಡೆಕ್ಕಿನೊಳಗೆ ಇಳಿಯುವ ಮುನ್ನ ನೀರು ತೊಟ್ಟಿಕ್ಕಿ ಹೋಗುವಂತೆ ಒಂದು ಬಾಗು ಕೊಡಬೇಕು. ಇಂಥ ಸಣ್ಣ ಸಣ್ಣ ಜಾಗರೂಕತೆಗಳ ಮೇಲೆಯೇ ನಡುಗಡಲಿನ ದೀಪವು ನಿಂತಿದೆ.

2010ರ ಮೇ 15ರಂದು, ಹದಿನೇಳು ತುಂಬಲು ಮೂರೇ ದಿನಗಳಿದ್ದಾಗ, ಏಕಾಂಗಿಯಾಗಿ ಎಲ್ಲಿಯೂ ನಿಲ್ಲದೆ ಸಾಗಿ ಸಿಡ್ನಿಗೆ ಮರಳಿದ ಜೆಸ್ಸಿಕಾ ವಾಟ್ಸನ್ ಎಂಬ ಕಿಶೋರಿಯ ‘ಎಲ್ಲಾಸ್ ಪಿಂಕ್ ಲೇಡಿ’ ಎಂಬ ಹಾಯಿದೋಣಿಯಲ್ಲಿಯೂ ಸೌರಫಲಕಗಳಿದ್ದವು. ಅದಕ್ಕೂ ಮೊದಲೇ, 1996ರಲ್ಲಿ ಕ್ಯಾನ್‌ಬೆರಾದ ಸರೋವರದಲ್ಲಿ ಸೌರದೋಣಿಗಳ ಪಂದ್ಯವನ್ನು ಕಂಡ ವೈದ್ಯ ರಾಬರ್ಟ್ ಡೇನ್, ಹಾಯಿಯೂ ಫಲಕವೂ ಒಂದೇ ಆಗಬಾರದೇಕೆಂದು ಯೋಚಿಸಿ, ಗಾಳಿಯನ್ನೂ ಬಿಸಿಲನ್ನೂ ಒಟ್ಟಿಗೆ ಹಿಡಿಯುವ ರೆಕ್ಕೆಗಳುಳ್ಳ ‘ಸೋಲಾರ್ ಸೈಲರ್’ ಎಂಬ ಪ್ರಯಾಣಿಕ ನೌಕೆಯನ್ನು 2000ದಲ್ಲಿ ಸಿಡ್ನಿಯ ಬಂದರಿಗೆ ಇಳಿಸಿದನು.

ಇಷ್ಟಾದರೂ ಫಲಕವು ಅಕ್ಷಯಪಾತ್ರೆಯಲ್ಲ. ಜೂನ್ ತಿಂಗಳಲ್ಲಿ ಮೆಲ್ಬರ್ನಿನ ನಡುಹಗಲಿನ ಸೂರ್ಯನು ದಿಗಂತದಿಂದ 30 ಡಿಗ್ರಿಯಷ್ಟೂ ಮೇಲೇರನು. ಬೇಸಗೆಯ ಗಳಿಕೆಯ ಮೂರನೆಯ ಒಂದು ಪಾಲೂ ಆಗ ಕೈಗೆ ಬರುವುದು ಕಷ್ಟ. ವೆಸ್ಟರ್ನ್ ಪೋರ್ಟಿನ ನಡುವೆಯೇ ಇರುವ, ಹೊರಗಿನ ವಿದ್ಯುತ್ ಜಾಲದ ಸಂಪರ್ಕವಿಲ್ಲದ ಫ್ರೆಂಚ್ ದ್ವೀಪದ ನಿವಾಸಿಗಳಿಗೂ ಈ ಲೆಕ್ಕಾಚಾರ ಹೊಸದಲ್ಲ. ಎಣ್ಣೆ ಇರುವ ತನಕ ಎಂಜಿನ್ನು ಕೇಳಿದಷ್ಟನ್ನು ಕೊಡುತ್ತದೆ, ಆದ್ದರಿಂದಲೇ ಬಳಸುವವನು ಮೈಮರೆಯುತ್ತಾನೆ. ಫಲಕವಾದರೋ ಅಂದಂದಿನ ಆದಾಯವನ್ನು ಅಂದಂದೇ ತೋರಿಸಿ, ಮೋಡ ಕವಿದ ದಿನ ಫ್ರಿಜ್ಜನ್ನು ಆರಿಸಿ ರೇಡಿಯೊವಿಗೂ ದೀಪಕ್ಕೂ ಶಕ್ತಿಯನ್ನು ಕಾದಿರಿಸುವ ವಿವೇಕವನ್ನು ಅಭ್ಯಾಸ ಮಾಡಿಸುತ್ತದೆ. ಗಾಳಿ ಬಂದಾಗ ಸಾಗಿ, ಬಾರದಾಗ ಕಾಯುವ ಸಂಯಮ ಹಾಯಿಯ ಕಾಲದಿಂದಲೂ ನಾವಿಕನ ಧರ್ಮವಾಗಿತ್ತು. ವಿದ್ಯುತ್ತಿನ ಬಳಕೆಗೂ ಅದೇ ಧರ್ಮವನ್ನು ಮರಳಿ ತಂದುಕೊಟ್ಟುದು ಈ ಫಲಕದ ಹಿರಿಮೆ.